ನೀರಿನ ನಡುವೆ ನಿಂತ ಕಣಜ

ದೂರದ ಪ್ರಯಾಣಕ್ಕೆ ಹೊರಡುವವರು ಬಂಧುಬಳಗವನ್ನೂ ನೆರೆಹೊರೆಯವರನ್ನೂ ಕಂಡು, ಆಡಿದ್ದು ಕೇಳಿದ್ದನ್ನೆಲ್ಲ ಮನ್ನಿಸಿರೆಂದು ಬೇಡಿಕೊಳ್ಳುವ ರೂಢಿ ನಮ್ಮ ಬಾಗಲಕೋಟೆ ಸೀಮೆಯ ಮುಸ್ಲಿಮರಲ್ಲಿ ಇಂದಿಗೂ ಉಳಿದಿದೆ. ‘ಕಹಾ ಸುನಾ ಮಾಫ್’ ಎಂಬ ಮೂರು ಪದಗಳಲ್ಲಿ ಅದು ಮುಗಿಯುತ್ತದೆ. ಹೆಚ್ಚಾಗಿ ಹಜ್‌ಗೆ ಹೊರಟವರು ಆಡುವ ಮಾತದು. ನಾನು ಹೊರಟಿದ್ದು ಹಜ್‌ಗಲ್ಲ, ಅಮೆರಿಕದ ಐಡಹೊ ರಾಜ್ಯದ ಬೋಯ್ಸಿ ನಗರದಲ್ಲಿ ನೌಕರಿಯಲ್ಲಿರುವ ಮಗನ ಮನೆಗೆ. ಆದರೂ ಅರವತ್ತೆಂಟರ ವಯಸ್ಸಿನಲ್ಲಿ ಅಷ್ಟು ದೂರ ಹೋಗುವವನು ಮರಳಿ ಬರುವ ಖಾತ್ರಿಯೇನು ಎಂದುಕೊಂಡು ಅನಗವಾಡಿಯ ನಮ್ಮ ಓಣಿಯಲ್ಲಿ ಮನೆಮನೆಗೆ ಹೋಗಿ ಕೇಳಿಬಂದೆ. ಲೋಕಾಪುರದಲ್ಲಿರುವ ಅಕ್ಕನನ್ನು, ನಮ್ಮ ಆಪಾಳನ್ನು, ಫೋನಿನಲ್ಲಿಯೇ ಕೇಳಿದೆ. “ಮಾಫ್ ಮಾಡೇನಿ ತಮ್ಮಾ, ಸುಖವಾಗಿ ಹೋಗಿ ಬಾ” ಎಂದಳು. ಯಾವುದನ್ನು ಮಾಫ್ ಮಾಡಿದಳೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜುಲೈ ತಿಂಗಳಲ್ಲಿ ಮಗನಿಗೆ ಹತ್ತು ದಿನಗಳ ರಜೆ ದೊರೆಯಿತು. ಮಲಗಲು ಹಾಸಿಗೆ, ಅಡುಗೆ ಒಲೆ, ಶೌಚಾಲಯ, ಫ್ರಿಜ್ ಎಲ್ಲವೂ ಇರುವ ಮನೆಯಂಥ ವಾಹನವೊಂದನ್ನು ಅವನು ಬಾಡಿಗೆಗೆ ತಂದ. ಅಲ್ಲಿಯ ಜನ ಅದನ್ನು ‘ಆರ್‌ವಿ’ ಎನ್ನುತ್ತಾರೆ. ಉದ್ದ ಇಪ್ಪತ್ತೆಂಟು ಅಡಿ. ಚಾಲಕನ ತಲೆಯ ಮೇಲೊಂದು ಅಟ್ಟ. ಅದರಲ್ಲಿ ಮೊಮ್ಮಕ್ಕಳಿಬ್ಬರ ಹಾಸಿಗೆ. ಹಿಂಭಾಗದ ಮಂಚ ನನಗೂ ನನ್ನ ಮನೆಯಾಕೆಗೂ ಮೀಸಲಾಯಿತು. ನಡುವಿನ ಊಟದ ಮೇಜನ್ನು ರಾತ್ರಿ ಮಡಚಿದರೆ ಮಗ ಸೊಸೆಯರ ಹಾಸಿಗೆಯಾಗುತ್ತಿತ್ತು. ಬೋಯ್ಸಿಯಲ್ಲಿ ಬೋಸ್ನಿಯಾದಿಂದ ನಿರಾಶ್ರಿತರಾಗಿ ಬಂದು ನೆಲೆಸಿದ ಮುಸ್ಲಿಮರು ಬಹಳ ಮಂದಿ ಇದ್ದಾರೆ. ಅವರಲ್ಲೊಬ್ಬರ ಅಂಗಡಿಯಿಂದ ಹಲಾಲ್ ಮಾಂಸ ತಂದು ಸೊಸೆ ಹತ್ತು ದಿನಕ್ಕಾಗುವಷ್ಟು ಪೊಟ್ಟಣ ಕಟ್ಟಿ ಹೆಪ್ಪುಗಟ್ಟಿಸಿದಳು. ನನ್ನ ಮನೆಯಾಕೆ ಊರಿನಿಂದ ತಂದಿದ್ದ ಸಜ್ಜೆಯ ಹಿಟ್ಟು, ಶೇಂಗಾ ಹಿಂಡಿ, ಕೆಂಪು ಖಾರವನ್ನು ಮೇಲಿನ ಗೂಡಿನಲ್ಲಿ ಜೋಡಿಸಿದಳು.

ಆ ವಾಹನದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ನೀರಿನ ಲೆಕ್ಕ. ಶುದ್ಧ ನೀರಿನ ತೊಟ್ಟಿಯಲ್ಲಿ ಹಿಡಿಯುವುದು ಸುಮಾರು ನೂರೈವತ್ತು ಲೀಟರು. ಆರು ಜನಕ್ಕೆ ಎರಡು ದಿನ ಬರಬೇಕು. ತೊಳೆದ ನೀರು ಒಂದು ತೊಟ್ಟಿಗೆ, ಶೌಚದ ನೀರು ಇನ್ನೊಂದಕ್ಕೆ ಹೋಗಿ ಶೇಖರವಾಗುತ್ತದೆ. ಯಾವುದು ಎಷ್ಟು ತುಂಬಿದೆ ಎಂಬುದನ್ನು ಗೋಡೆಯ ಮೇಲಿನ ಪುಟ್ಟ ದೀಪಗಳು ತೋರಿಸುತ್ತವೆ. ಮೊಮ್ಮಗಳು ಹನ್ನೊಂದು ವರ್ಷದವಳು. ಒಂದು ನೋಟುಪುಸ್ತಕದಲ್ಲಿ ದಿನದ ಮೈಲಿಯನ್ನೂ ನೀರಿನ ಮಟ್ಟವನ್ನೂ ಬರೆದಿಡುವ ಹೊಣೆ ಅವಳದು. ಮೊದಲ ದಿನವೇ ನನ್ನ ವುಝೂಗೆ ಬಿದ್ದ ನೀರನ್ನು ನೋಡಿ ಹುಬ್ಬು ಗಂಟಿಕ್ಕಿದಳು. ಪ್ರವಾದಿಯವರು(ಸ) ಒಂದು ಮುದ್ದ್, ಅಂದರೆ ಎರಡೂ ಬೊಗಸೆ ತುಂಬುವಷ್ಟು ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂಬ ಹದೀಸನ್ನು ಎಷ್ಟೋ ಸಲ ಮಕ್ಕಳಿಗೆ ಹೇಳಿದವನು ನಾನೇ. ನಲ್ಲಿ ತೆರೆದಿಟ್ಟು ವುಝೂ ಮಾಡುವ ಅಭ್ಯಾಸ ನನಗೆ ಯಾವಾಗ ಅಂಟಿತೋ ತಿಳಿಯದು. ಎರಡನೆಯ ದಿನದಿಂದ ಒಂದು ಚಿಕ್ಕ ಲೋಟ ಹಿಡಿದೆ. ಸಾಲುತ್ತದೆ.

ಕಿಬ್ಲಾದ ದಿಕ್ಕೂ ಅಲ್ಲಿ ಬೇರೆ. ನಮ್ಮೂರಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತು ಬೆಳೆದವನಿಗೆ ಐಡಹೊದಲ್ಲಿ ಉತ್ತರದಿಂದ ತುಸುವೇ ಪೂರ್ವಕ್ಕೆ ತಿರುಗಿ ನಿಲ್ಲಬೇಕೆಂದಾಗ ಮನಸ್ಸು ಒಪ್ಪಲಿಲ್ಲ. ಭೂಮಿ ಗುಂಡಗಿರುವುದರಿಂದ ಅಲ್ಲಿಂದ ಮಕ್ಕಾಕ್ಕೆ ಹತ್ತಿರದ ದಾರಿ ಉತ್ತರ ಧ್ರುವದ ಬಳಿಯಿಂದ ಹಾಯುತ್ತದೆಂದು ಮಗ ಚೆಂಡಿನ ಮೇಲೆ ದಾರ ಹಿಡಿದು ತೋರಿಸಿದ. ರಾತ್ರಿಯ ಇಶಾ ನಮಾಝ್‌ಗೆ ಹೊರಗೆ ಚಾಪೆ ಹಾಸಿದರೆ ಧ್ರುವ ನಕ್ಷತ್ರ ಎದುರಿಗೇ ನಿಂತಿರುತ್ತಿತ್ತು. ಅದರ ಸ್ವಲ್ಪ ಬಲಕ್ಕೆ ಮುಖ ಮಾಡಿದರೆ ಮುಗಿಯಿತು. ಜುಲೈನಲ್ಲಿ ಸೂರ್ಯ ಮುಳುಗುವುದೇ ಒಂಬತ್ತು ಗಂಟೆ ದಾಟಿದ ಮೇಲೆ. ಇಶಾ ಆಗುವಷ್ಟರಲ್ಲಿ ಮಕ್ಕಳು ನಿದ್ದೆ ಹೋಗಿರುತ್ತಿದ್ದರು.

ಬೋಯ್ಸಿಯ ಮಗನ ಮನೆಯಲ್ಲಿ ಹದಿನೈದು ದಿನಕ್ಕಿಂತ ಹೆಚ್ಚು ತಂಗುವ ನಿಯ್ಯತ್ ಇದ್ದುದರಿಂದ ಅಲ್ಲಿ ಪೂರ್ಣ ನಮಾಝ್ ಮಾಡುತ್ತಿದ್ದೆ. ಗಾಡಿ ಏರಿದ ಮೇಲೆ ಕಸ್ರ್. ನಾಲ್ಕು ರಕಅತ್ ಎರಡಾದವು. ಎರಡು ರಕಅತ್ ಮುಗಿಸಿ ಸಲಾಮ್ ಹೇಳುವಾಗಲೆಲ್ಲ ನನಗೊಂದು ಹಳೆಯ ಪ್ರಶ್ನೆ ನೆನಪಾಗುತ್ತಿತ್ತು. ನಮ್ಮ ಹನಫಿ ಫಿಕ್ಹ್‌ನಲ್ಲಿ ‘ವತನೆ ಅಸ್ಲಿ’ ಎಂಬ ಮಾತಿದೆ: ಮನುಷ್ಯನ ಮೂಲ ಊರು. ಅಲ್ಲಿಗೆ ಒಂದು ಗಂಟೆಯ ಮಟ್ಟಿಗೆ ಹೋದರೂ ಅವನು ಪ್ರವಾಸಿಯಲ್ಲ, ಪೂರ್ಣ ನಮಾಝ್ ಮಾಡಬೇಕು. ನಾನು ಹುಟ್ಟಿದ ಮನೆ, ಅಬ್ಬಾ ಉತ್ತ ಹೊಲ, ಈಜು ಕಲಿತ ಘಟಪ್ರಭೆಯ ಮಡು, ಎಲ್ಲವೂ ಆಲಮಟ್ಟಿಯ ಹಿನ್ನೀರಿನ ಕೆಳಗಿವೆ. ಅವುಗಳ ಮೇಲೆ ದೋಣಿಯಲ್ಲಿ ಹಾಯುವವನು ವತನ್‌ನಲ್ಲಿದ್ದಾನೋ ಪ್ರಯಾಣದಲ್ಲಿದ್ದಾನೋ? ಒಮ್ಮೆ ನಮ್ಮ ಮಸೀದಿಯ ಇಮಾಮರನ್ನು ಕೇಳಿದ್ದೆ. ನೀವು ಈಗ ನೆಲೆಸಿರುವುದೇ ನಿಮ್ಮ ವತನ್, ಇದರಲ್ಲಿ ಗೊಂದಲವೇನಿದೆ ಮಾಸ್ತರ್ ಎಂದಿದ್ದರು. ಮಸ್ಅಲಾ ಅಲ್ಲಿಗೆ ಮುಗಿದಿತ್ತು.

ಬೋಯ್ಸಿಯಿಂದ ಪೂರ್ವಕ್ಕೆ ಹೊರಟರೆ ದಾರಿಯುದ್ದಕ್ಕೂ ಸ್ನೇಕ್ ಎಂಬ ನದಿಯ ಬಯಲು. ಕೆಳಗೆ ಲಾವಾದ ಕಪ್ಪು ಬಂಡೆ, ಮೇಲೆ ಗಾಳಿ ತಂದು ಹಾಸಿದ ಮಣ್ಣು. ನೀರು ಕಾಣದ ಕಡೆ ಬೂದು ಬಣ್ಣದ ಕುರುಚಲು ಪೊದೆ, ನೀರು ಕಂಡ ಕಡೆ ಆಲೂಗಡ್ಡೆ, ಗೋಧಿ, ಮೇವಿನ ಬೆಳೆ. ಗಾಲಿಗಳ ಮೇಲೆ ನಿಂತ ಉದ್ದನೆಯ ಕೊಳವೆಯೊಂದು ಗಡಿಯಾರದ ಮುಳ್ಳಿನಂತೆ ಹೊಲದ ನಡುಗೂಟವನ್ನು ಸುತ್ತುತ್ತ ತುಂತುರು ನೀರು ಚೆಲ್ಲುತ್ತದೆ. ಆದ್ದರಿಂದ ಹೊಲಗಳು ಚೌಕವಾಗಿರದೆ ದುಂಡಗಿವೆ. ಒಂದು ಕಡೆ ಗಾಡಿ ನಿಲ್ಲಿಸಿದಾಗ ಮೂಲಂಗಿಯಂಥ ಅಗಲ ಎಲೆಯ ಬೆಳೆ ಕಂಡು ಇದೇನೆಂದೆ. ಸಕ್ಕರೆ ಬೀಟ್, ಇದರ ಗಡ್ಡೆಯಿಂದ ಸಕ್ಕರೆ ತೆಗೆಯುತ್ತಾರೆ ಎಂದ ಮಗ. ಮುಧೋಳ, ಜಮಖಂಡಿ, ಬೀಳಗಿಯ ಕಬ್ಬಿನ ನಡುವೆ ಬದುಕಿದವರಿಗೆ ನೆಲದೊಳಗೆ ಸಕ್ಕರೆ ಬೆಳೆಯುವುದು ಸೋಜಿಗವೇ. ಕಟಾವು ಅಕ್ಟೋಬರಿನಲ್ಲಂತೆ. ನಮ್ಮಲ್ಲಿಯೂ ಕಾರ್ಖಾನೆಗಳು ಹೊಗೆ ಉಗುಳಲು ತೊಡಗುವುದು ಆ ಸುಮಾರಿಗೇ.

ಟ್ವಿನ್ ಫಾಲ್ಸ್ ಊರಿನ ಬಳಿ ಶೋಶೋನಿ ಜಲಪಾತವನ್ನು ನೋಡಲು ಇಳಿದೆವು. ಎತ್ತರ 212 ಅಡಿ, ನಯಾಗರಾಕ್ಕಿಂತ ಹೆಚ್ಚು ಎಂದು ಫಲಕದಲ್ಲಿ ಬರೆದಿತ್ತು. ಬಂಡೆಯ ಮೇಲೆ ಇಳಿಯುತ್ತಿದ್ದುದು ನಾಲ್ಕೈದು ತೆಳ್ಳನೆಯ ಎಳೆಗಳು. ಮೇಲ್ಭಾಗದ ಮಿಲ್ನರ್ ಅಣೆಕಟ್ಟೆ 1905ರಿಂದ ಬೇಸಿಗೆಯ ನೀರನ್ನೆಲ್ಲ ಕಾಲುವೆಗಳಿಗೆ ತಿರುಗಿಸುತ್ತದೆ. ಬೆಟ್ಟಗಳ ಹಿಮ ಕರಗಿ ಹೊಳೆ ತುಂಬುವ ವಸಂತದಲ್ಲಿ ಬಂದವರಿಗೆ ಮಾತ್ರ ಜಲಪಾತ. ಮೊಮ್ಮಗ ಬೇಸರಗೊಂಡ. ನನಗೆ ಬೇಸರವಾಗಲಿಲ್ಲ. ನಮ್ಮ ಘಟಪ್ರಭೆ ಗೋಕಾಕದಲ್ಲಿ 170 ಅಡಿ ಧುಮುಕುತ್ತಾಳೆ. ಅಲ್ಲಿಗೂ ಏಪ್ರಿಲ್‌ನಲ್ಲಿ ಹೋದವರು ಬರಿಯ ಬಂಡೆ ನೋಡಿ ಬರುತ್ತಾರೆ. ಮೇಲಿನವರು ಹಿಡಿದಿಟ್ಟುಕೊಂಡು ಉಳಿಸಿದ್ದೇ ಕೆಳಗಿನವರ ಪಾಲಿನ ಹೊಳೆ.

ಆ ಸಂಜೆ ನಾವು ತಲುಪಿದ್ದು ಅಮೆರಿಕನ್ ಫಾಲ್ಸ್ ಎಂಬ ಪುಟ್ಟ ಪಟ್ಟಣ. ದೊಡ್ಡ ಪ್ರವಾಸಿ ತಾಣವೇನಲ್ಲ. ಜಲಾಶಯದ ದಂಡೆಯಲ್ಲಿ ಗಾಡಿ ನಿಲ್ಲಿಸಲು ಜಾಗವಿದೆಯೆಂದು ಮಗ ಆರಿಸಿದ್ದ. ಚಹಾ ಕಪ್ ಹಿಡಿದು ದಂಡೆಗೆ ಬಂದವನು ನಿಂತಲ್ಲೇ ನಿಂತುಬಿಟ್ಟೆ. ನೀರಿನ ನಡುವೆ ಕಿಟಕಿಯಿಲ್ಲದ, ಬೂದು ಬಣ್ಣದ ಎತ್ತರದ ಕಾಂಕ್ರೀಟ್ ಕಟ್ಟಡವೊಂದು ಒಂಟಿಯಾಗಿ ನಿಂತಿತ್ತು. ಅದೇನೆಂದು ಮೊಮ್ಮಗಳು ಫೋನಿನಲ್ಲಿ ಹುಡುಕಿ ಓದಿದಳು: ಹಳೆಯ ಊರಿನ ಧಾನ್ಯದ ಕಣಜ.

ಹಳೆಯ ಊರು ಆ ನೀರಿನ ಕೆಳಗಿದೆ. ಸ್ನೇಕ್ ನದಿಗೆ ಅಣೆಕಟ್ಟೆ ಕಟ್ಟಲು ಅಲ್ಲಿಯ ಸರಕಾರ 1925ರಲ್ಲಿ ಇಡೀ ಪಟ್ಟಣವನ್ನು ಎತ್ತರದ ಜಾಗಕ್ಕೆ ಸಾಗಿಸಿತು. 344 ನಿವಾಸಿಗಳು, ಒಂದು ಶಾಲೆ, ಒಂದು ಆಸ್ಪತ್ರೆ, ಐದು ಚರ್ಚು, ಮೂರು ಹೋಟೆಲು. ಮರದ ಮನೆಗಳಾದ್ದರಿಂದ ಅಡಿಪಾಯದಿಂದ ಎತ್ತಿ, ಗಾಲಿಯ ಮೇಲಿಟ್ಟು ಎಳೆದುಕೊಂಡು ಹೋದರು. 1927ರಲ್ಲಿ ಅಣೆಕಟ್ಟೆ ಮುಗಿಯಿತು. ಕಾಂಕ್ರೀಟಿನ ಕಣಜವನ್ನು ಎತ್ತಲಾಗುವುದಿಲ್ಲವಲ್ಲ, ಅದು ಉಳಿಯಿತು. ಹಿನ್ನೀರು ನುಂಗಿದ್ದು ಪೇಟೆಯನ್ನಷ್ಟೇ ಅಲ್ಲ. ಪಕ್ಕದ ಫೋರ್ಟ್ ಹಾಲ್ ಮೀಸಲು ಪ್ರದೇಶದ ಮೂಲನಿವಾಸಿಗಳಾದ ಶೋಶೋನಿ ಮತ್ತು ಬ್ಯಾನಕ್ ಜನರ ನದೀತೀರದ ತಗ್ಗು ಹುಲ್ಲುಗಾವಲನ್ನೂ ನುಂಗಿತು. ಅವರಿಗೆ ಗಾಲಿಯ ಮೇಲೆ ಒಯ್ಯಬಹುದಾದುದು ಅಲ್ಲಿ ಏನೂ ಇರಲಿಲ್ಲ.

ಆಲಮಟ್ಟಿಯ ಕಥೆ ಓದುಗರಲ್ಲಿ ಹಲವರಿಗೆ ಗೊತ್ತು. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ನೀರು ನಮ್ಮ ಹೊಲಕ್ಕೆ ಬರುವಷ್ಟರಲ್ಲಿ ಮೂವತ್ತೈದು ವರ್ಷ ಕಳೆದಿತ್ತು. ಅಷ್ಟು ಕಾಲ ಮುಳುಗುತ್ತದೆ, ಮುಳುಗುತ್ತದೆ ಎಂದು ಕೇಳುತ್ತ ನಾವು ಹೊಸ ಮನೆ ಕಟ್ಟಲಿಲ್ಲ, ಹಳೆಯದಕ್ಕೆ ಸುಣ್ಣ ಬಳಿಯಲಿಲ್ಲ. ಕೊನೆಗೆ ಜನ ತಮ್ಮ ಮನೆಗಳನ್ನು ತಾವೇ ಕೆಡವಿ ತೊಲೆ, ಜಂತಿ, ಬಾಗಿಲುಗಳನ್ನು ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ಮೇಲಿನ ಜಾಗಗಳಿಗೆ ನಡೆದರು. ನಮ್ಮ ಈಗಿನ ಮನೆಯ ತಲೆಬಾಗಿಲು ಆ ಹಳೆಯ ಮನೆಯದೇ. ಹೊಸ ಗೋಡೆಗೆ ಎತ್ತರ ಹೆಚ್ಚಾಗಿ ಅದರ ಮೇಲೆ ಒಂದು ಗೇಣು ಇಟ್ಟಿಗೆ ತುಂಬಿಸಬೇಕಾಯಿತು. ಈಗ 519.6 ಮೀಟರ್ ವರೆಗೆ ನಿಲ್ಲುವ ನೀರನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಮತ್ತೆ ಯಾರ ಯಾರ ಬಾಗಿಲುಗಳು ಟ್ರ್ಯಾಕ್ಟರ್ ಏರಬೇಕೋ.

ಹೊಳೆದಂಡೆಯಲ್ಲಿ ನಮಗೆ ಐದು ಎಕರೆ ಇತ್ತು. ಎರೆ ಮಣ್ಣು, ಕಬ್ಬು ಹಚ್ಚಿದರೆ ಆನೆ ಹೊಕ್ಕರೂ ಕಾಣದಂತೆ ಬೆಳೆಯುತ್ತಿತ್ತು. ಅಮ್ಮಿ ಮೊದಲೇ ತೀರಿಹೋಗಿದ್ದಳು. 1998ರಲ್ಲಿ ಅಬ್ಬಾ ತೀರಿಕೊಂಡರು. ಮುಳುಗಡೆಯ ರೊಕ್ಕ ಬಂದದ್ದು ಅದರ ಮರುವರ್ಷ. ವಾರಸುದಾರರು ಮೂವರು: ಆಪಾ, ನಾನು, ನನ್ನ ತಮ್ಮ. ರೊಕ್ಕ ಬೇಗ ಕೈಸೇರಬೇಕಾದರೆ ಹೆಣ್ಣುಮಗಳ ಹಕ್ಕುಬಿಡುಗಡೆ ಪತ್ರ ಇದ್ದರೆ ಒಳ್ಳೆಯದೆಂದು ಯಾರೋ ಹೇಳಿದರು. ಹೇಳಿದವರ ಮೇಲೆ ನಾನು ಇಂದು ಹೊರೆ ಹಾಕಲಾರೆ, ಏಕೆಂದರೆ ಆ ಮಾತು ನಮಗೆ ಬೇಕಾಗಿತ್ತು. ಆಪಾ ಲೋಕಾಪುರದಿಂದ ಬಸ್ಸಿನಲ್ಲಿ ಬಂದಳು. “ಎಲ್ಲಿ ಒತ್ತಬೇಕೊ ತಮ್ಮಾ?” ಎಂದು ಕೇಳಿ ಹೆಬ್ಬೆಟ್ಟು ಒತ್ತಿದಳು. ಅಂದು ಅವಳಿಗೆ ಒಂದು ಇಳಕಲ್ಲ ಸೀರೆ ಕೊಟ್ಟು, ಹೊತ್ತು ಮುಳುಗುವ ಮುನ್ನ ಮರಳಿ ಬಸ್ಸು ಹತ್ತಿಸಿದೆವು.

ನಾನು ಶಾಲಾ ಮಾಸ್ತರ. ಸೂರಃ ಅನ್ನಿಸಾದಲ್ಲಿ ಹೆಣ್ಣುಮಕ್ಕಳ ಪಾಲು ಹೇಗೆ ನಿಗದಿಯಾಗಿದೆ ಎಂಬುದು ನನಗೆ ತಿಳಿಯದ ಸಂಗತಿಯಾಗಿರಲಿಲ್ಲ. ಇಬ್ಬರು ಗಂಡು, ಒಬ್ಬಳು ಹೆಣ್ಣು ಎಂದರೆ ಐದು ಪಾಲು. ಎರಡು, ಎರಡು, ಒಂದು. ಐದು ಎಕರೆಗೆ ಒಂದು ಎಕರೆ. ಐದನೆಯ ಇಯತ್ತೆಯ ಹುಡುಗ ಬಿಡಿಸುವ ಲೆಕ್ಕ. ‘ಅವಳೇ ಬಿಟ್ಟುಕೊಟ್ಟಳು’ ಎಂಬುದು ನಮ್ಮ ಉತ್ತರ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ, ಎಲ್ಲರೂ ಬಿಡುತ್ತಾರೆಂಬ ರೂಢಿಯಿಂದ ಬಿಟ್ಟದ್ದು ಮನಃಪೂರ್ವಕ ಬಿಟ್ಟದ್ದಲ್ಲವೆಂದು ಉಲಮಾಗಳು ಹೇಳುತ್ತಲೇ ಬಂದಿದ್ದಾರೆ. ಜುಮಾ ಬಯಾನ್‌ನಲ್ಲಿ ಈ ಮಾತು ಬಂದಾಗಲೆಲ್ಲ ನಾನು ಚಾಪೆಯ ಎಳೆಗಳನ್ನು ನೋಡುತ್ತ ಕುಳಿತಿದ್ದೇನೆ.

ಆ ರಾತ್ರಿ ಊಟವಾದ ಮೇಲೆ ಮಡಚುವ ಕುರ್ಚಿಗಳನ್ನು ಹೊರಗೆ ಹಾಕಿಕೊಂಡು ಕುಳಿತಿದ್ದೆವು. ಕಣಜ ಕತ್ತಲೆಯಲ್ಲಿ ಇನ್ನೂ ಕಪ್ಪಾಗಿ ಕಾಣುತ್ತಿತ್ತು. ಮಗ ಕೇಳಿದ, “ಅಬ್ಬಾ, ಆಗ ಮುಳುಗಡೆ ರೊಕ್ಕದಲ್ಲಿ ಏನು ಮಾಡಿದಿರಿ?” ಬೇರೆ ಉದ್ದೇಶವಿರಲಿಲ್ಲ, ಮಾತಿಗೆ ಕೇಳಿದ್ದು. ಮಡ್ಡಿಯ ಮೇಲೆ ಮೂರು ಎಕರೆ ಕೊಂಡೆ, ಉಳಿದದ್ದರಲ್ಲಿ ನಿನ್ನ ಇಂಜಿನಿಯರಿಂಗ್ ಶುಲ್ಕ ಕಟ್ಟಿದೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅದರಲ್ಲಿ ಫೂಫಿಯ ಪಾಲು?” ಎಂದ.

ನಾನು ಉತ್ತರಿಸುವ ಮುನ್ನ ನನ್ನ ಮನೆಯಾಕೆ ಮಾತಾಡಿದಳು. ಮದುವೆಯಾಗಿ ನಲವತ್ತೈದು ವರ್ಷಗಳಲ್ಲಿ ಈ ವಿಷಯದಲ್ಲಿ ಅವಳು ಬಾಯಿ ತೆರೆದದ್ದು ಅಂದೇ. “ನನಗೂ ನನ್ನ ತಮ್ಮಂದಿರು ಕೊಡಲಿಲ್ಲ. ನಿನ್ನ ಅಬ್ಬಾ ಅದನ್ನೂ ಕೇಳಲಿಲ್ಲ. ಕೇಳಿದರೆ ಇವರು ಕೊಡಬೇಕಾಗುತ್ತಿತ್ತಲ್ಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳಿ ಒಳಗೆ ಹೋಗಿ ಪಾತ್ರೆ ಒರೆಸತೊಡಗಿದಳು. ನೀರು ಉಳಿಸಲು ನಾವು ಪಾತ್ರೆಗಳನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯುತ್ತಿದ್ದೆವು. ಮಗನ ಮುಖ ನನಗೆ ಕಾಣುತ್ತಿರಲಿಲ್ಲ. ನಾವು ಕುಳಿತ ಕುರ್ಚಿ, ಬೆನ್ನಿಗಿದ್ದ ಗಾಡಿ, ಅವನ ಬೋಯ್ಸಿಯ ಮನೆ, ಇವೆಲ್ಲಕ್ಕೂ ಬುಡದಲ್ಲೆಲ್ಲೋ ಆಪಾಳ ಹೆಬ್ಬೆಟ್ಟಿನ ಮಸಿ ಇದೆಯೆಂದು ಇಬ್ಬರಿಗೂ ಒಟ್ಟಿಗೆ ಹೊಳೆದಿರಬೇಕು. ಇಶಾದ ಎರಡು ರಕಅತ್ ಮುಗಿಸಿ, ವಿತ್ರ್ ಮುಗಿಸಿ ಬಹಳ ಹೊತ್ತು ಚಾಪೆಯ ಮೇಲೆಯೇ ಕುಳಿತಿದ್ದೆ. ದುಆಗೆ ಕೈ ಎತ್ತಿದರೆ ಮಾತು ಬರಲಿಲ್ಲ. ಅಲ್ಲಾಹನ ಹಕ್ಕನ್ನು ಅವನು ಕ್ಷಮಿಸಿಯಾನು, ದಾಸರ ಹಕ್ಕನ್ನು ದಾಸರೇ ಬಿಡಬೇಕು.

ಮುಂದಿನ ದಿನಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಯೆಲ್ಲೊಸ್ಟೋನ್ ಕುರಿತು ಬಲ್ಲವರು ಬಹಳ ಬರೆದಿದ್ದಾರೆ. ದಾರಿಯಲ್ಲಿ ಶುಗರ್ ಸಿಟಿ ಎಂಬ ಊರು ಸಿಕ್ಕಿತು. ಬೀಟ್ ಸಕ್ಕರೆ ಕಾರ್ಖಾನೆಯಿಂದ ಬಂದ ಹೆಸರು. 1976ರ ಜೂನ್ 5ರಂದು ಹೊಸದಾಗಿ ಕಟ್ಟಿದ ಟೀಟಾನ್ ಅಣೆಕಟ್ಟೆ ಮೊದಲ ಸಲ ತುಂಬುತ್ತಿರುವಾಗಲೇ ಒಡೆದು, ಆ ಊರನ್ನೂ ಪಕ್ಕದ ರೆಕ್ಸ್‌ಬರ್ಗ್ ಅನ್ನೂ ಕೊಚ್ಚಿತ್ತು. ಹನ್ನೊಂದು ಜನ ಸತ್ತರು. ಆ ಅಣೆಕಟ್ಟೆಯನ್ನು ಮತ್ತೆ ಕಟ್ಟಲಿಲ್ಲ. ಯೆಲ್ಲೊಸ್ಟೋನ್‌ನಲ್ಲಿ ನೆಲ ಕುದಿಯುವುದನ್ನು ಕಂಡೆವು. ಕಾಡುಕೋಣಗಳಂಥ ಬೈಸನ್‌ಗಳು ರಸ್ತೆಗೆ ಅಡ್ಡ ನಿಂತು ಮುಕ್ಕಾಲು ಗಂಟೆ ದಾರಿ ಬಿಡಲಿಲ್ಲ. ಜುಲೈನಲ್ಲಿಯೂ ರಾತ್ರಿ ನೀರು ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತಿತ್ತು. ಫಜ್ರ್‌ನ ವುಝೂಗೆ ಮನೆಯಾಕೆ ಕೆಟಲಿನಲ್ಲಿ ನೀರು ಕಾಯಿಸಿಡುತ್ತಿದ್ದಳು. 13,775 ಅಡಿಯ ಗ್ರ್ಯಾಂಡ್ ಟೀಟಾನ್ ಶಿಖರ ತಪ್ಪಲು ಗುಡ್ಡಗಳಿಲ್ಲದೆ ಬಯಲಿನಿಂದ ನೇರವಾಗಿ ಏಳುತ್ತದೆ. ಬೆಳಗಿನ ಮೊದಲ ಬಿಸಿಲು ಅದರ ನೆತ್ತಿಗೆ ತಾಗಿ ನಿಧಾನವಾಗಿ ಕೆಳಗಿಳಿಯುವುದನ್ನು ನೋಡುತ್ತ ಸುಬ್‌ಹಾನಲ್ಲಾಹ್ ಎಂದದ್ದು ಬಿಟ್ಟರೆ ಬೇರೆ ಮಾತು ನನ್ನಲ್ಲಿರಲಿಲ್ಲ. ಶೌಚದ ತೊಟ್ಟಿಯನ್ನು ಬರಿದು ಮಾಡುವ ಕೆಲಸವನ್ನು ಅಪ್ಪ ಮಗ ಸೇರಿ ಮಾಡಿದೆವು. ಮೊದಲ ಸಲ ಕೊಳವೆ ಸರಿಯಾಗಿ ಕೂಡದೆ ಆದ ಫಜೀತಿಯನ್ನು ಈ ಬರಹದಲ್ಲಿ ಹೇಳುವುದು ಬೇಡ. ಆ ದಿನ ಇಬ್ಬರೂ ಎರಡೆರಡು ಸಲ ಸ್ನಾನ ಮಾಡಿದೆವು, ಮೊಮ್ಮಗಳು ನೋಟುಪುಸ್ತಕದಲ್ಲಿ ಅದನ್ನೂ ಕೆಂಪು ಶಾಯಿಯಲ್ಲಿ ಬರೆದಳು.

ಹಿಂದಿರುಗುವ ದಾರಿ ಕ್ರೇಟರ್ಸ್ ಆಫ್ ದಿ ಮೂನ್ ಎಂಬ ಕಪ್ಪು ಲಾವಾದ ಬಯಲನ್ನು ಹಾದು, 8,701 ಅಡಿ ಎತ್ತರದ ಗೆಲೀನಾ ಕಣಿವೆಯನ್ನು ಏರಿ ಇಳಿಯುತ್ತದೆ. ಅಲ್ಲಿಗೆ ತುಸು ಮುನ್ನ, ಹುಲ್ಲುಗಾವಲಿನಂಚಿನಲ್ಲಿ, ದುಂಡು ಛಾವಣಿಯ ಬಿಳಿಯ ಪುಟ್ಟ ಗಾಡಿಯೊಂದು ಕಂಡಿತು. ಕೊಳವೆಯಿಂದ ಹೊಗೆ ಏಳುತ್ತಿತ್ತು. ಸುತ್ತ ನೂರಾರು ಕುರಿ, ಎರಡು ದೊಡ್ಡ ಬಿಳಿ ನಾಯಿ, ಒಂದು ಕುದುರೆ. ಕುರಿಗಾಹಿಗಳ ಈ ಗಾಡಿಮನೆ 1880ರ ದಶಕದಲ್ಲಿ ವಾಯೋಮಿಂಗ್‌ನಲ್ಲಿ ರೂಪುಗೊಂಡಿತು. ನಮ್ಮ ಬಾಡಿಗೆಯ ಗಾಡಿಯ ಅಜ್ಜಿ ಎನ್ನಬಹುದು. ಒಳಗೆ ಒಂದು ಹಾಸಿಗೆ, ಒಂದು ಒಲೆ, ಎಳೆದರೆ ಹೊರಬರುವ ಒಂದು ಹಲಗೆ. ಹಿಂದೆ ಸ್ಪೇನಿನ ಬಾಸ್ಕ್ ಜನ ಈ ಕೆಲಸಕ್ಕೆ ಬರುತ್ತಿದ್ದರು, ಈಗ ಪೆರುವಿನವರು. ಆ ಕುರಿಗಾಹಿಯೂ ಪೆರುವಿನವನೇ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೂ ಹಾಗೆಯೇ; ಸೊಸೆ ಕಾಲೇಜಿನಲ್ಲಿ ಕಲಿತ ಸ್ಪ್ಯಾನಿಷ್ ಕೆಲಸಕ್ಕೆ ಬಂತು.

ಸುಗ್ಗಿ ಮುಗಿದ ಮೇಲೆ ನಮ್ಮ ಹೊಲಗಳಲ್ಲಿ ಇಳಿಯುವ ಕುರುಬರು ನೆನಪಾದರು. ಕುದುರೆಯ ಬೆನ್ನಿಗೆ ಕಂಬಳಿ, ಬುಟ್ಟಿ, ಬುಟ್ಟಿಯೊಳಗೆ ಈಗಷ್ಟೇ ಹುಟ್ಟಿದ ಮರಿ. ಅಬ್ಬಾ ಅವರನ್ನು ನಾಲ್ಕು ರಾತ್ರಿ ಹೊಲದಲ್ಲಿ ಇರಿಸಿಕೊಂಡು ಕುರಿಗೊಬ್ಬರಕ್ಕೆ ಪ್ರತಿಯಾಗಿ ಜೋಳ ಅಳೆದು ಕೊಡುತ್ತಿದ್ದರು. ಅಳೆಯುವಾಗ ಸೇರಿನ ಮೇಲೆ ಗೋಪುರ ಏಳುವವರೆಗೆ ಸುರಿಯುತ್ತಿದ್ದರು. ಸೊಸೆಯ ಮೂಲಕ ಆ ಪೆರುವಿನವನನ್ನು ಕೇಳಿದೆ, ಊರಲ್ಲಿ ಯಾರಿದ್ದಾರೆ ಎಂದು. ತಾಯಿ, ಹೆಂಡತಿ, ಅಕ್ಕ ಎಂದ. ಬೆಟ್ಟದ ಮೇಲೆ ಫೋನು ಹಿಡಿಯುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಕೆಳಗಿಳಿದಾಗ ಮಾತಾಡುತ್ತೇನೆ; ಮೊದಲು ಅಕ್ಕನಿಗೇ ಮಾಡುತ್ತೇನೆ, ದುಡ್ಡಿನ ಲೆಕ್ಕ ಅವಳ ಕೈಯಲ್ಲಿದೆ ಎಂದು ನಕ್ಕ. ನಾವು ಕೊಟ್ಟ ಸಜ್ಜೆರೊಟ್ಟಿ ಶೇಂಗಾ ಹಿಂಡಿಯನ್ನು ಅವನು ಹಲಗೆಯ ಮೇಲಿಟ್ಟು ಕುರಿಯ ಚೀಸಿನ ತುಂಡೊಂದನ್ನು ಮರುಕಾಣಿಕೆ ಕೊಟ್ಟ.

ಸ್ಟ್ಯಾನ್ಲಿ ಎಂಬ ಊರಿನಲ್ಲಿ ಫೋನು ಹಿಡಿಯಿತು. ಅಲ್ಲಿ ರಾತ್ರಿ ಒಂಬತ್ತೂವರೆ, ಊರಿನಲ್ಲಿ ಬೆಳಗಿನ ಒಂಬತ್ತು. ಆಪಾ ಮೊದಲು ಕೇಳಿದ್ದು ಮನೆಯಾಕೆಯ ಮಂಡಿನೋವಿನ ಬಗ್ಗೆ. ನಾನು ಸಿದ್ಧಮಾಡಿಕೊಂಡಿದ್ದ ಮಾತುಗಳೆಲ್ಲ ಮರೆತು ನೇರವಾಗಿ ಹೇಳಿದೆ: ಆಪಾ, ಹೊಳೆದಂಡೆಯ ಹೊಲದಲ್ಲಿ ಒಂದು ಎಕರೆ ನಿನ್ನದಿತ್ತು, ನಾನು ತಿಂದೆ, ರೊಕ್ಕ ಕೊಡುತ್ತೇನೆ. ನಮ್ಮ ಮನೆಮಾತು ದಖನಿ. ಆದರೆ ಲೆಕ್ಕದ ಮಾತು ಬಂದರೆ ಆಪಾ ಕನ್ನಡಕ್ಕೆ ಹೊರಳುತ್ತಾಳೆ. ಗಂಡ ತೀರಿದ ಮೇಲೆ ಸಂತೆಯಲ್ಲಿ ಕುಳಿತು ಮಸಾಲೆ ಮಾರಿದವಳು.

“ರೊಕ್ಕ ಯಾವಾಗಿಂದು? ಆವಾಗಿನ ರೇಟೋ, ಈಗಿಂದೋ?” ಎಂದಳು.

ನಾನು ಸುಮ್ಮನಾದೆ. ಅತ್ತು ಬಿಡುತ್ತಾಳೆ, ಬೇಡ ತಮ್ಮಾ ಎನ್ನುತ್ತಾಳೆ ಎಂದು ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಇತ್ತೆಂಬುದು ಆ ಕ್ಷಣಕ್ಕೆ ನನಗೇ ತಿಳಿಯಿತು. “ರೊಕ್ಕ ಬ್ಯಾಡ. ಹೊಲ ಹೋಗೇತಿ, ಹೊಲಾನ ಕೊಡು. ನೀ ಕೊಂಡ ಹೊಲದಾಗ ಅಳದು ಕೊಡು. ಹೊಳಿ ದಂಡಿ ಎಕರೆಗೆ ಮಡ್ಡಿ ಎಕರೆ ಸಮ ಆಗೂದಿಲ್ಲ, ಅದೂ ನಿನಗ ಗೊತ್ತೈತಿ.” ಇಪ್ಪತ್ತೈದು ವರ್ಷ ಅವಳು ಈ ಲೆಕ್ಕವನ್ನು ಒಳಗೇ ಬಿಡಿಸುತ್ತ ಕುಳಿತಿದ್ದಳು. ಮೊಮ್ಮಗಳ ನೋಟುಪುಸ್ತಕದ ಕೊನೆಯ ಪುಟದಲ್ಲಿ ನಾನು ಬರೆದುಕೊಂಡೆ: ಒಂದು ಎಕರೆ ಹತ್ತು ಗುಂಟೆ, ಬೋರ್‌ವೆಲ್ ಇರುವ ಕಡೆ.

ಪೂರ್ಣ ಲೆಕ್ಕ ಹಾಕಿದರೆ ಅದರಲ್ಲಿ ಅರ್ಧ ಋಣ ನನ್ನ ತಮ್ಮನದು. ಅವಳ ಪಾಲನ್ನು ಇಬ್ಬರೂ ಸಮವಾಗಿ ಹಂಚಿಕೊಂಡಿದ್ದೆವು. ಅವನಿಗೂ ಫೋನು ಮಾಡಿದೆ. ಪತ್ರ ಆಗಿದೆಯಲ್ಲ, ಸತ್ತ ಲೆಕ್ಕ ಯಾಕೆ ಎಬ್ಬಿಸುತ್ತೀ ಎಂದ. ಮಗ ಆ ಅರ್ಧಕ್ಕೆ ತಾನು ಹಣ ಹಾಕುತ್ತೇನೆಂದ. ಬೇಡವೆಂದೆ, ಪೂರ್ತಿ ನನ್ನ ಹೊಲದಿಂದಲೇ ಹೋಗಲಿ. ತಮ್ಮನ ಜತೆ ಮಾತು ಈಗ ಈದ್ ಮುಬಾರಕ್‌ಗೆ ಸೀಮಿತವಾಗಿದೆ. ಮನೆಯಾಕೆಯ ತಮ್ಮಂದಿರ ವಿಷಯವನ್ನು ನಾನು ಇನ್ನೂ ಎತ್ತಿಲ್ಲ. ಎತ್ತುವ ಮುಖ ಈಗ ಸ್ವಲ್ಪ ಬಂದಿದೆ.

ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದೆವು. ವಿಜಯಪುರದ ಕಡೆಯಿಂದ ಬರುವಾಗ ಕೊಲ್ಹಾರದ ಸೇತುವೆಯಿಂದಲೇ ಹಿನ್ನೀರು ಕಾಣತೊಡಗುತ್ತದೆ. ಮಳೆಗಾಲದ ಕೊನೆಯಾದ್ದರಿಂದ ತುಂಬಿ ತುಳುಕುತ್ತಿತ್ತು. ನಮ್ಮ ನೀರಿನ ನಡುವೆ ಕಣಜವೇನೂ ನಿಂತಿಲ್ಲ.

ಮೋಜಣಿಯ ದಿನ ಆಪಾ ಲೋಕಾಪುರದಿಂದ ಬಸ್ಸಿನಲ್ಲಿಯೇ ಬಂದಳು, ಎಪ್ಪತ್ಮೂರರ ವಯಸ್ಸಿನಲ್ಲಿ, ಕೈಯಲ್ಲಿ ಬುತ್ತಿಯ ಗಂಟು. ಮೋಜಣಿದಾರರು ಅಳೆದು ಕಲ್ಲು ನೆಡುವಾಗ ಅವಳು ಹಿಂದೆ ಹಿಂದೆಯೇ ನಡೆದು ತನ್ನ ಹೆಜ್ಜೆಯಲ್ಲಿ ಬೇರೆಯಾಗಿ ಎಣಿಸಿದಳು. ಒಂದು ಮೂಲೆಯಲ್ಲಿ ಎಣಿಕೆ ಕೂಡಲಿಲ್ಲವೆಂದು ಎರಡನೆಯ ಸಲ ಅಳೆಯಿಸಿದಳು, ಕೂಡಿತು. ಉತಾರದಲ್ಲಿ ಹೆಸರು ಏರಲು ಇನ್ನೂ ಕೆಲವು ದಿನ ಹಿಡಿಯುತ್ತದೆ ಎಂದು ಹೇಳಿ ಅವರು ಹೋದರು. ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದೆವು. ಎರಡು ತುತ್ತು ತಿಂದ ಮೇಲೆ, ಆಪಾ, ಹೋಗುವಾಗ ಕೇಳಿದ್ದೆನಲ್ಲ, ಈಗ ಮತ್ತೊಮ್ಮೆ ಕೇಳುತ್ತೇನೆ, ಕಹಾ ಸುನಾ ಮಾಫ್ ಎಂದೆ.

ಅವಳು ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದಳು. “ಮೊದಲ ಉತಾರದಾಗ ಹೆಸರು ಬರ್ಲಿ ತಮ್ಮಾ,” ಎಂದಳು, “ಆಮ್ಯಾಗ ಮಾಫ್ ಮಾಡ್ತೀನಿ.”